‘ಎಷ್ಟು ಕೊಡ್ತದೆ?’: ಮೈಲೇಜ್ ನಂಬರ್ ಬರೆಯುವವರಿಗೆ ಉಡುಪಿಯಿಂದ ಒಂದು ಬಹಿರಂಗ ಪತ್ರ

ಕಾರುಗಳ ಮೈಲೇಜ್ ಪರೀಕ್ಷೆಗೆ ನಿಯಮ ಬರೆಯುವ ಮಾನ್ಯ ಅಧಿಕಾರಿಗಳೇ,

ನಮಸ್ಕಾರ.

ನಮ್ಮೂರಿನಲ್ಲಿ ಯಾರಾದರೂ ಹೊಸ ಕಾರು ತಂದರೆ ಜನ ಮೊದಲು ಬಣ್ಣ ಕೇಳುವುದಿಲ್ಲ, ಬೆಲೆಯನ್ನೂ ಕೇಳುವುದಿಲ್ಲ. ಬಾನೆಟ್ ಮೇಲಿನ ಪೂಜೆಯ ಕುಂಕುಮ ಒಣಗುವ ಮೊದಲೇ ಪಕ್ಕದ ಮನೆಯವರು ಗೇಟಿಗೆ ಒರಗಿ ನಿಂತು ಕೇಳುತ್ತಾರೆ, ‘ಏತ್ ಕೊರ್ಪುಂಡು?’ ತುಳು ಬಾರದವರಿಗೆ ಹೇಳುವುದಾದರೆ, ‘ಎಷ್ಟು ಕೊಡ್ತದೆ?’ ಹಾಲು ಕೊಡುವ ಎಮ್ಮೆಯ ಬಗ್ಗೆ ಕೇಳಿದ ಹಾಗೆ.

2018ರಲ್ಲಿ ನಾನೂ ಒಂದು ಸಣ್ಣ ಕಾರು ತಂದೆ. ಒಂದು ಲೀಟರ್ ಎಂಜಿನ್, ಮೂರು ಸಿಲಿಂಡರ್, ಪೆಟ್ರೋಲ್. ಕಂಪನಿಯ ಹೆಸರು ಬೇಡ, ಈ ಮಾತು ಎಲ್ಲ ಕಂಪನಿಗೂ ಸಲ್ಲುತ್ತದೆ. ಶೋರೂಮಿನ ಹುಡುಗ ಕೊಟ್ಟ ಹೊಳೆಯುವ ಕಾಗದದಲ್ಲಿ ಲೀಟರಿಗೆ 24 ಕಿಲೋಮೀಟರ್ ಅಂತ ಇತ್ತು. ಪಾಯಿಂಟ್ ಆದ ಮೇಲೆ ಇನ್ನೆರಡು ಅಂಕಿ ಬೇರೆ. ನಿಜ ಹೇಳಬೇಕೆಂದರೆ ಆ ಎರಡು ಅಂಕಿ ನೋಡಿಯೇ ನಾನು ನಂಬಿದ್ದು. ಪಾಯಿಂಟ್ ಇಟ್ಟು ಹೇಳುವವರು ಸುಮ್ನೆ ಹೇಳಲಿಕ್ಕಿಲ್ಲ ಅಂತ. ನಂಬರಿನ ತಲೆ ಮೇಲೆ ಒಂದು ಪುಟ್ಟ ನಕ್ಷತ್ರವೂ ಇತ್ತು. ಅದರ ವಿವರಣೆ ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಓದಲಿಲ್ಲ. ಯಾರು ಓದುತ್ತಾರೆ?

ಒಂದೂವರೆ ವರ್ಷ ಎಲ್ಲರಿಗೂ ‘ಇಪ್ಪತ್ತರ ಮೇಲೆ ಕೊಡ್ತದೆ’ ಅಂತ ಹೇಳಿಕೊಂಡು ತಿರುಗಿದೆ. ಕಮ್ಮಿ ಹೇಳಿದರೆ ಕಾರಿಗೆ ಅವಮಾನ ಅಲ್ವಾ? ಕೊನೆಗೆ ಒಂದು ದಿನ ಹೆಂಡತಿ ತಿಂಗಳ ಖರ್ಚು ಕೂಡಿಸುತ್ತಾ ಕೇಳಿದಳು. ‘ಇಪ್ಪತ್ತರ ಮೇಲೆ ಕೊಡ್ತದಾದರೆ ಇಷ್ಟು ಪೆಟ್ರೋಲ್ ಯಾರು ಕುಡಿಯುವುದು?’

ಅವತ್ತಿನಿಂದ ಲೆಕ್ಕ ಇಟ್ಟೆ. ಗ್ಲೌ ಬಾಕ್ಸಿನಲ್ಲಿ ಒಂದು ಚಿಕ್ಕ ನೋಟ್‌ಬುಕ್, ಒಂದು ಪೆನ್ಸಿಲ್. ಪೆನ್ಸಿಲ್ಲೇ ಬೇಕು. ನಮ್ಮ ಮಳೆಗಾಲದ ತೇವಕ್ಕೆ ಪೆನ್ನಿನ ಶಾಯಿ ಹರಡುತ್ತದೆ. ಬಂಕಿನಲ್ಲಿ ಕೊಡುವ ಚೀಟಿಯ ಕಥೆ ಇನ್ನೂ ಚಂದ, ಎರಡು ತಿಂಗಳು ಬಿಟ್ಟು ನೋಡಿದರೆ ಬರೀ ಬಿಳಿ ಕಾಗದ.

ವಿಧಾನ ಹಳೆಯದೇ. ಟ್ಯಾಂಕ್ ಫುಲ್ ಮಾಡಿಸಿ ಟ್ರಿಪ್ ಮೀಟರನ್ನು ಸೊನ್ನೆಗೆ ತರಬೇಕು. ಓಡಿಸಬೇಕು. ಮತ್ತೆ ಅದೇ ಬಂಕಿಗೆ ಬಂದು, ಸಾಧ್ಯವಾದರೆ ಅದೇ ಪಂಪಿನಲ್ಲಿ, ನಾಝಲ್ ಮೊದಲ ಸಲ ಟಕ್ ಅಂತ ಕಟ್ ಆಗುವವರೆಗೆ ಮಾತ್ರ ತುಂಬಿಸಬೇಕು. ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿದರೆ ಮುಗಿಯಿತು. ಇದರಲ್ಲಿ ಕಷ್ಟದ್ದು ಒಂದೇ. ಟಕ್ ಅಂದ ಕೂಡಲೇ ಬಂಕಿನ ಹುಡುಗ ಕೇಳುತ್ತಾನೆ, ‘ರೌಂಡ್ ಮಲ್ಪೊಡಾ?’ ರೌಂಡ್ ಫಿಗರ್ ಮಾಡಲಾ ಅಂತ. ಬೇಡ ಅನ್ನಬೇಕು. 1,873 ರೂಪಾಯಿ ಆದದ್ದನ್ನು 1,900 ಮಾಡಿಬಿಟ್ಟರೆ ಮುಂದಿನ ಸಲದ ಲೆಕ್ಕ ಕೆಟ್ಟಿತು. ಈಗ ಆ ಬಂಕಿನಲ್ಲಿ ನನಗೆ ‘ರೌಂಡ್ ಬೇಡದ ಅಣ್ಣ’ ಅಂತಲೇ ಹೆಸರು. ಡ್ಯಾಶ್‌ಬೋರ್ಡಿನ ಪರದೆ ಕೂಡ ಮೈಲೇಜ್ ತೋರಿಸುತ್ತದಲ್ಲ ಅಂತ ಕೇಳಬಹುದು. ನನ್ನ ಕಾರಿನದ್ದು ಯಾವಾಗಲೂ ಒಂದು ಕಿಲೋಮೀಟರ್ ಜಾಸ್ತಿಯೇ ತೋರಿಸುತ್ತದೆ. ಅದಕ್ಕೂ ಕಾರಿನ ಮೇಲೆ ಅಭಿಮಾನ ಇರಬೇಕು.

ನೋಟ್‌ಬುಕ್ ಹೇಳುವುದು ಇಷ್ಟು. ಸಂತೆಕಟ್ಟೆಯಿಂದ ಹೊರಟು, ಕಲ್ಸಂಕ ದಾಟಿ, ಮಗಳನ್ನು ಕುಂಜಿಬೆಟ್ಟಿನಲ್ಲಿ ಇಳಿಸಿ, ಮಣಿಪಾಲಕ್ಕೆ ಹತ್ತುವ ದಿನಗಳಲ್ಲಿ, ಎಸಿ ಹಾಕಿಕೊಂಡು, 13.5ರಿಂದ 14.5. ಜುಲೈ ತಿಂಗಳ ಒಂದು ಟ್ಯಾಂಕ್ 12.8ಕ್ಕೆ ಇಳಿದಿತ್ತು. ಇನ್ನೊಂದು ಸಲ ಹಠಕ್ಕೆ ಬಿದ್ದು, ಭಾನುವಾರ ಬೆಳಿಗ್ಗೆ ಆರಕ್ಕೆ ಒಬ್ಬನೇ ಹೊರಟು, ಹೆದ್ದಾರಿ 66ರಲ್ಲಿ ಕಾಪು, ಪಡುಬಿದ್ರಿ, ಮೂಲ್ಕಿ ಅಂತ ಸುರತ್ಕಲ್‌ವರೆಗೆ ಹೋಗಿ ಬಂದೆ. 70ರ ಮೇಲೆ ಹೋಗಲಿಲ್ಲ, ಎಸಿ ಹಾಕಲಿಲ್ಲ, ಲಾರಿಗಳಿಗೆಲ್ಲ ದಾರಿ ಬಿಟ್ಟೆ. ಹಾಗೆ ಮೂರು ಭಾನುವಾರ. ಆ ಟ್ಯಾಂಕ್ ಕೊಟ್ಟದ್ದು 22ರ ಹತ್ತಿರ. ಅಂದರೆ ಕಾರಿಗೆ ತಾಕತ್ತು ಉಂಟು. ಕಾಗದದ ನಂಬರ್ ಇರುವ ಊರಿನಲ್ಲಿ ನಾನಿಲ್ಲ, ಅಷ್ಟೇ.

ಆ ಊರು ಯಾವುದು ಅಂತ ಆಮೇಲೆ ಓದಿ ತಿಳಿದುಕೊಂಡೆ. ನಿಮಗೆ ಗೊತ್ತಿರುವುದೇ, ಆದರೂ ಈ ಪತ್ರ ಓದುವ ಉಳಿದವರಿಗಾಗಿ ಹೇಳುತ್ತೇನೆ. ವಾಹನ ಪರೀಕ್ಷಿಸುವ, ಪುಣೆಯ ಎಆರ್‌ಎಐಯಂಥ ಸಂಸ್ಥೆಗಳಲ್ಲಿ ಈ ಪರೀಕ್ಷೆಗೆ ಕಾರನ್ನು ರಸ್ತೆಗೆ ಇಳಿಸುವುದಿಲ್ಲ. ರೋಲರ್ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತದೆ, ಕಾರು ಅಲ್ಲೇ ಇರುತ್ತದೆ. ಕೋಣೆಯ ಬಿಸಿ 20ರಿಂದ 30 ಡಿಗ್ರಿ ಒಳಗೆ. ಎದುರಿನ ಪರದೆಯಲ್ಲಿ ಒಂದು ಗೆರೆ ಓಡುತ್ತದೆ, ಡ್ರೈವರ್ ಆ ಗೆರೆಗೆ ಸರಿಯಾಗಿ ವೇಗ ಹಿಡಿಯಬೇಕು. ಮೊದಲು 195 ಸೆಕೆಂಡಿನ ಪೇಟೆ ಓಟ, ಅದೇ ನಾಲ್ಕು ಸಲ. ಆಮೇಲೆ 400 ಸೆಕೆಂಡಿನ ಊರಾಚೆಯ ಓಟ, ಅದರಲ್ಲಿ ಗರಿಷ್ಠ ವೇಗ 90. ಒಟ್ಟು 1180 ಸೆಕೆಂಡ್. 20 ನಿಮಿಷಕ್ಕೂ ಕಮ್ಮಿ. ಸಮಯ ಪೇಟೆಗೆ ಜಾಸ್ತಿ ಕೊಟ್ಟಿದ್ದಾರೆ ಅಂತ ಕಾಣುತ್ತದೆ. ಆದರೆ ದೂರದ ಲೆಕ್ಕ ಹಿಡಿದರೆ ಅರ್ಧಕ್ಕಿಂತ ಜಾಸ್ತಿ ಓಡುವುದು ಊರಾಚೆಯಲ್ಲೇ. ಪೆಟ್ರೋಲನ್ನು ಟ್ಯಾಂಕಿನಿಂದ ಅಳೆಯುವುದೂ ಇಲ್ಲ. ಸೈಲೆನ್ಸರಿನಿಂದ ಬಂದ ಹೊಗೆಯನ್ನು ಚೀಲದಲ್ಲಿ ಹಿಡಿದು, ಅದರಲ್ಲಿ ಇಂಗಾಲ ಎಷ್ಟಿದೆ ಅಂತ ನೋಡಿ, ಇಷ್ಟು ಪೆಟ್ರೋಲ್ ಉರಿದಿದೆ ಅಂತ ಲೆಕ್ಕ ಹಾಕುತ್ತಾರೆ. ಜಾಣ ವಿಧಾನ. ನನ್ನ ಪೆನ್ಸಿಲ್ ಲೆಕ್ಕಕ್ಕಿಂತ ಎಷ್ಟೋ ಪಾಲು ನಿಖರ.

ಹಾಗಾಗಿ ಪರೀಕ್ಷೆಯನ್ನು ನಾನು ಮೋಸ ಅನ್ನುವುದಿಲ್ಲ. ಎರಡು ಕಾರುಗಳನ್ನು ಹೋಲಿಸಬೇಕಾದರೆ ಎರಡಕ್ಕೂ ಒಂದೇ ರಸ್ತೆ, ಒಂದೇ ಹವೆ ಬೇಕು. ಅದು ಕೋಣೆಯೊಳಗೇ ಸಾಧ್ಯ. ನನ್ನ ತಕರಾರು ಆ ಕೋಣೆಯೊಳಗಿನ ಪೇಟೆಯ ಬಗ್ಗೆ.

ಆ ಪೇಟೆಯಲ್ಲಿ ಕಾರು ಸೊನ್ನೆಯಿಂದ 50ಕ್ಕೆ ಏರಲು 26 ಸೆಕೆಂಡ್ ತೆಗೆದುಕೊಳ್ಳುತ್ತದೆ. ಒಂದು ಸಲ ಗಡಿಯಾರ ನೋಡಿಕೊಂಡು 26 ಎಣಿಸಿ. ಮಂಗಳೂರಿನ ಹಂಪನಕಟ್ಟೆಯಲ್ಲಿ ದಾರಿ ಬಿಟ್ಟ ಮೇಲೆ ನಾನು ಹೀಗೆ ಹೊರಟೆ ಅಂತಿಟ್ಟುಕೊಳ್ಳಿ. ಹತ್ತು ಎಣಿಸುವಷ್ಟರಲ್ಲಿ ಹಿಂದಿನ ಸಿಟಿ ಬಸ್ಸಿನ ಹಾರ್ನ್ ನನ್ನ ಹಿಂದಿನ ಸೀಟಿಗೆ ಬಂದು ಕೂತಿರುತ್ತದೆ. ನಮ್ಮ ಬಸ್ಸುಗಳಿಗೆ ನಿಮಿಷದ ಲೆಕ್ಕದಲ್ಲಿ ಟೈಮಿಂಗ್ ಉಂಟು. ಇಪ್ಪತ್ತಾರು ಸೆಕೆಂಡ್ ಕಾಯುವ ತಾಳ್ಮೆ ಡ್ರೈವರಿಗೂ ಇಲ್ಲ, ಬಾಗಿಲಲ್ಲಿ ಜೋತಾಡುವ ಕಂಡಕ್ಟರಿಗೂ ಇಲ್ಲ.

ಇನ್ನು ಎಸಿ. ಕಾಗದದ ನಂಬರನ್ನು ಅಳೆದದ್ದು ಎಸಿ ಬಂದ್ ಮಾಡಿ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಒಂದು ಜುಲೈ ಸಂಜೆ ಮಣಿಪಾಲಕ್ಕೆ ಹೊರಟಿದ್ದೆವು. ಕಾರಿನಲ್ಲಿ ನಾಲ್ಕು ಜನ, ನಾಲ್ಕೂ ಜನ ಒದ್ದೆ. ಕಾಲಡಿಯ ಮ್ಯಾಟಿನಲ್ಲಿ ಕೊಡೆಯಿಂದ ಇಳಿದ ನೀರು. ಹೊರಗೆ ಹೇಗೂ ತಂಪು, ಸುಮ್ನೆ ಯಾಕೆ ಅಂತ ನಾನು ಮೈಲೇಜಿನ ಆಸೆಗೆ ಎಸಿ ಆಫ್ ಮಾಡಿದೆ. ಇಂದ್ರಾಳಿ ಸೇತುವೆ ದಾಟುವಾಗ ಗಾಜಿನ ಅಂಚು ಬೆಳ್ಳಗಾಯಿತು. ಮುಂದಿನ ಏರಿನಲ್ಲಿ ಇಡೀ ಗಾಜು ಹಾಲು ಹೊಯ್ದ ಹಾಗೆ. ವೈಪರ್ ಹೊರಗೆ ಎಷ್ಟು ಬಡಿದುಕೊಂಡರೇನು, ಮಂಜು ಇರುವುದು ಒಳಗೆ. ಹೆಂಡತಿ ಬೈರಾಸಿನಲ್ಲಿ ಒರೆಸಿದಳು. ಒರೆಸಿದ ಜಾಗದಲ್ಲಿ ಒಂದು ಸ್ಕೂಟರಿನ ಕೆಂಪು ದೀಪ ಕಂಡಿತು, ಬಾನೆಟ್ಟಿನಿಂದ ಎರಡು ಮೊಳ ದೂರದಲ್ಲಿ. ಬ್ರೇಕ್ ಹಿಡಿಯಿತು, ದೇವರು ದೊಡ್ಡವನು. ಯಾರೂ ಮಾತಾಡಲಿಲ್ಲ. ಎಸಿ ಗುಂಡಿ ಒತ್ತಿದೆ. ಅರ್ಧ ನಿಮಿಷದಲ್ಲಿ ಗಾಜು ತಿಳಿಯಾಯಿತು.

ಕರಾವಳಿಯಲ್ಲಿ ಎಸಿ ಶೋಕಿ ಅಲ್ಲ ಮಾರಾಯ್ರೆ. ಮೇ ತಿಂಗಳಲ್ಲಿ ಅದು ಬೆವರಿಗೆ ಬೇಕು, ಜುಲೈ ತಿಂಗಳಲ್ಲಿ ಕಣ್ಣಿಗೆ.

ನಮ್ಮಲ್ಲಿ ಅದಕ್ಕೆ ಕೆಲಸವೂ ಜಾಸ್ತಿ. ಒಣ ಊರಿನಲ್ಲಿ ಗಾಳಿಯನ್ನು ತಂಪು ಮಾಡಿದರೆ ಸಾಕು. ಇಲ್ಲಿ ಗಾಳಿಯಲ್ಲಿರುವ ನೀರನ್ನೂ ಹಿಂಡಬೇಕು. ಕಾರು ನಿಲ್ಲಿಸಿ ಐದು ನಿಮಿಷ ಬಿಟ್ಟು ಅಡಿಗೆ ಬಗ್ಗಿ ನೋಡಿ, ಪುಟ್ಟ ಕೆರೆ. ಹೊಸದಾಗಿ ಕಾರು ತಗೊಂಡವರು ರೇಡಿಯೇಟರ್ ಸೋರುತ್ತಿದೆ ಅಂತ ಗಾಬರಿಯಾಗುವುದು ಇದನ್ನು ನೋಡಿಯೇ. ಅಷ್ಟು ನೀರು ಹಿಂಡಿದ ಕೂಲಿಯನ್ನು ಎಂಜಿನ್ ಕೊಟ್ಟಿರುತ್ತದೆ, ಅಂದರೆ ನನ್ನ ಟ್ಯಾಂಕ್. ಮತ್ತೆ ಈ ಕೂಲಿ ಸಣ್ಣ ಕಾರಿಗೆ ತಟ್ಟುವಷ್ಟು ದೊಡ್ಡದಕ್ಕೆ ತಟ್ಟುವುದಿಲ್ಲ. ಪೇಟೆಯ ಸಮತಟ್ಟು ರಸ್ತೆಯಲ್ಲಿ 40ರ ವೇಗದಲ್ಲಿ ಸಣ್ಣ ಕಾರನ್ನು ತಳ್ಳಲು ಎರಡು ಕಿಲೋವ್ಯಾಟ್ ಆಸುಪಾಸಿನ ಶಕ್ತಿ ಸಾಕು. ಬಿಸಿಲಿಗೆ ನಿಂತು ಕಾದ ಕಾರನ್ನು ತಂಪು ಮಾಡುವಾಗ ಎಸಿ ಕಂಪ್ರೆಸರ್ ಒಂದೇ ಹೆಚ್ಚು ಕಮ್ಮಿ ಅಷ್ಟನ್ನು ಎಳೆಯುತ್ತದೆ. ಕಲ್ಸಂಕದ ಜಾಮಿನಲ್ಲಿ ನಿಂತಾಗಲಂತೂ ಕೇಳುವುದೇ ಬೇಡ. ಕಿಲೋಮೀಟರ್ ಸೊನ್ನೆ, ಖರ್ಚು ಮಾತ್ರ ನಡೆಯುತ್ತಾ ಇರುತ್ತದೆ.

ಗುಡ್ಡದ ಮಾತೂ ಹೇಳಿಬಿಡುತ್ತೇನೆ. ಮಣಿಪಾಲ ಕೂತಿರುವುದೇ ಗುಡ್ಡದ ಮೇಲೆ. ಮಂಗಳೂರಿನಲ್ಲೂ ಕದ್ರಿ, ಬಾವುಟಗುಡ್ಡೆ, ಬಲ್ಮಠ, ಎಲ್ಲಿಗೆ ಹೋದರೂ ಒಂದು ಹತ್ತು, ಒಂದು ಇಳಿ. ಒಳಗೆ ಕೂತ ಜನರನ್ನೂ ಸೇರಿಸಿ ಒಂದು ಟನ್ ತೂಗುವ ಕಾರನ್ನು 50 ಮೀಟರ್ ಮೇಲಕ್ಕೆ ಎತ್ತಲು ಸುಮಾರು 60 ಮಿಲಿಲೀಟರ್ ಪೆಟ್ರೋಲ್ ಬೇಕು, ಹೋಟೆಲಿನ ಅರ್ಧ ಲೋಟ ಚಾ ಅಂತಿಟ್ಟುಕೊಳ್ಳಿ. ಲೀಟರಿಗೆ 20ರ ಲೆಕ್ಕದಲ್ಲಿ ಐದು ಕಿಲೋಮೀಟರಿಗೆ 250 ಮಿಲಿ ಸಾಕಾಗಬೇಕು. ಅದರ ಮೇಲೆ ಈ 60. ರೋಲರಿಗೆ ಗುಡ್ಡ ಗೊತ್ತಿಲ್ಲ.

ಇಳಿಯುವಾಗ ಸ್ವಲ್ಪ ವಾಪಸ್ ಸಿಗುತ್ತದೆ, ಗೇರಿನಲ್ಲೇ ಇಳಿದರೆ. ಆಗುಂಬೆಯ 14 ತಿರುವುಗಳನ್ನು ನ್ಯೂಟ್ರಲ್ಲಿನಲ್ಲಿ ಇಳಿದು ಪೆಟ್ರೋಲ್ ಉಳಿಸಿದೆ ಅಂತ ಮೀಸೆ ತಿರುವುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದು ಕಾರ್ಬ್ಯುರೇಟರ್ ಕಾಲದ ಬುದ್ಧಿ. ಈಗಿನ ಎಂಜಿನ್ನಿನಲ್ಲಿ ಗೇರ್ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಐಡ್ಲಿಂಗಿಗೆ ಬೇಕಾದಷ್ಟು ಉರಿಸುತ್ತಲೇ ಇರುತ್ತದೆ. ಪೆಟ್ರೋಲೂ ಹೋಯಿತು, ಬ್ರೇಕೂ ಕಾದು ಕೈಕೊಟ್ಟಿತು. ಇದು ನಿಮಗಲ್ಲ, ನಮ್ಮವರಿಗೆ.

ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸರ್ವಿಸಿಗೆ ಬಿಟ್ಟಾಗ ಮೈಲೇಜ್ ಬರುವುದಿಲ್ಲ ಅಂದರೆ ‘ನಿಮ್ಮ ಡ್ರೈವಿಂಗ್ ಸ್ಟೈಲ್ ಸರ್’ ಅಂದರು. ಸಿಟ್ಟು ಬಂತು. ಮನೆಗೆ ಬಂದು ಟಯರಿನ ಹವಾ ನೋಡಿಸಿದರೆ 33 ಇರಬೇಕಾದಲ್ಲಿ 24. ಡಿಕ್ಕಿ ತೆರೆದರೆ ಊರಿನಿಂದ ತಂದ ಒಂದು ಗೋಣಿ ತೆಂಗಿನಕಾಯಿ, ತಿಂಗಳಿನಿಂದ ನನ್ನ ಜೊತೆ ಆಫೀಸಿಗೆ ಹೋಗಿ ಬರುತ್ತಾ ಇದೆ. ಹವಾ ಸರಿ ಮಾಡಿದೆ. ಕಾಯಿ ಇಳಿಸಿದೆ. ಮೂರನೇ ಗೇರಿಗೆ ಬೇಗ ಬರುವುದನ್ನು ರೂಢಿ ಮಾಡಿಕೊಂಡೆ. 13.6 ಇದ್ದದ್ದು 14.5 ಆಯಿತು. 24ಕ್ಕೆ ಇನ್ನೂ ಒಂಬತ್ತೂವರೆ ಬಾಕಿ. ಅಷ್ಟು ತೆಂಗಿನಕಾಯಿ ನನ್ನ ಡಿಕ್ಕಿಯಲ್ಲಿ ಹಿಡಿಸುವುದಿಲ್ಲ.

ಪೆಟ್ರೋಲಿಗೆ ಬೆರೆಸುವ ಎಥನಾಲ್ ಬಗ್ಗೆ ಜಗಳ ಬೇಕಾದಷ್ಟು ಆಗಿದೆ, ನಾನು ಹೊಸದಾಗಿ ಸೇರಿಸುವುದಿಲ್ಲ. ಲೀಟರಿಗೆ ಲೀಟರ್ ನೋಡಿದರೆ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಮ್ಮಿ. ಶೇ 20 ಬೆರೆಸಿದರೆ ಮೈಲೇಜ್ ಸ್ವಲ್ಪ ಇಳಿಯಲೇಬೇಕು. 2021ರ ನೀತಿ ಆಯೋಗದ ವರದಿಯಲ್ಲಿ ಹಳೆಯ ನಮೂನೆಯ ಕಾರುಗಳಿಗೆ ಶೇ 6–7 ಅಂತ ಇತ್ತು. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಹೇಳಿದ್ದು ಕೆಲವಕ್ಕೆ ಶೇ 1–2, ಉಳಿದವಕ್ಕೆ ಶೇ 3–6. ಯಾವುದೇ ಇರಲಿ, ನನ್ನ ಕಾರಿನ ನಂಬರ್ ಅಳೆದ ಕಾಲಕ್ಕೆ ಬಂಕಿನಲ್ಲಿ ಈ ಪೆಟ್ರೋಲ್ ಇರಲಿಲ್ಲ.

ಇಷ್ಟಕ್ಕೆಲ್ಲ ಪತ್ರ ಬೇಕಾ ಅಂತ ನಿಮಗೆ ಅನ್ನಿಸಬಹುದು. ದೊಡ್ಡ ಕಾರು ಕೊಳ್ಳುವವರು ಮೈಲೇಜ್ ಕೇಳಿದರೂ ಅದರ ಮೇಲೆ ಮನೆ ನಡೆಸುವುದಿಲ್ಲ. ಸಣ್ಣ ಕಾರು ಕೊಳ್ಳುವವರು ನಡೆಸುತ್ತಾರೆ. ತಿಂಗಳಿಗೆ 900 ಕಿಲೋಮೀಟರ್ ಓಡಿಸುವವನಿಗೆ 24ರ ಲೆಕ್ಕದಲ್ಲಿ 37 ಲೀಟರ್ ಚಿಲ್ಲರೆ ಸಾಕು. 14ರ ಲೆಕ್ಕದಲ್ಲಿ 64 ಬೇಕು. ಲೀಟರಿಗೆ 102 ರೂಪಾಯಿ ಹಿಡಿದರೆ ವ್ಯತ್ಯಾಸ 2,700 ದಾಟುತ್ತದೆ. ಸಾಲದ ಕಂತಿನ ಜೊತೆ ಪ್ರತಿ ತಿಂಗಳೂ ಬರುವ ಈ ಇನ್ನೊಂದು ಕಂತಿನ ವಿಷಯ ಶೋರೂಮಿನಲ್ಲಿ ಯಾರೂ ಹೇಳಿರುವುದಿಲ್ಲ. ಪಿಗ್ಮಿ ಉಳಿತಾಯ ಶುರುವಾದ ಊರು ನಮ್ಮದು. 1928ರಲ್ಲಿ ಮನೆಮನೆಗೆ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಂಡು ಹೋಗುತ್ತಿದ್ದ ಕಾಲದಿಂದ ಇಲ್ಲಿಯ ಜನ ಚಿಲ್ಲರೆ ಕಾಸನ್ನೂ ಬರೆದಿಟ್ಟವರು. 2,700 ಕಣ್ಣಿಗೆ ಬೀಳದೆ ಹೋಗುತ್ತದಾ?

ಇದರಲ್ಲೊಂದು ತಮಾಷೆಯೂ ಉಂಟು. ಕಾಪು ಹತ್ತಿರದ ಪಾದೂರಿನಲ್ಲಿ ನೆಲದಡಿಯ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ಗುಹೆ ಮಾಡಿದ್ದಾರೆ. ಮಂಗಳೂರಿನಲ್ಲಿ ಇನ್ನೊಂದು, 15 ಲಕ್ಷ ಟನ್ನಿನದ್ದು. ದೇಶದ ಕಷ್ಟಕಾಲಕ್ಕೆ ಅಂತ. ಭಾನುವಾರ ನಾನು ಎಸಿ ಬಂದ್ ಮಾಡಿ ಬೆವರು ಒರೆಸುತ್ತಾ ಓಡಿಸುತ್ತಿದ್ದುದು ಇವೆರಡರ ನಡುವಿನ ರಸ್ತೆಯಲ್ಲಿ.

ಬೇರೆಯವರು ಏನು ಮಾಡಿದ್ದಾರೆ ನೋಡಿ. ಅಮೆರಿಕದಲ್ಲಿ ಮಾರುವ ಕಾರಿನ ಗಾಜಿಗೆ ಅಂಟಿಸುವ ಚೀಟಿಯಲ್ಲಿ ಪೇಟೆಗೆ ಒಂದು ನಂಬರ್, ಹೆದ್ದಾರಿಗೆ ಇನ್ನೊಂದು ನಂಬರ್ ಇರುತ್ತದೆ. 2008ರ ಮಾಡೆಲ್‌ಗಳಿಂದ ಆ ಲೆಕ್ಕದೊಳಗೆ 35 ಡಿಗ್ರಿಯಲ್ಲಿ ಎಸಿ ಹಾಕಿ ಓಡಿಸಿದ ಪರೀಕ್ಷೆಯೂ ಸೇರಿದೆ. ಯುರೋಪಿನಲ್ಲಿ ನಮ್ಮದರಂಥದ್ದೇ ಹಳೆಯ ಪರೀಕ್ಷೆ ಇದ್ದ ಕಾಲದಲ್ಲೂ ಪೇಟೆಯಲ್ಲಿ ಇಷ್ಟು, ಹೊರಗೆ ಇಷ್ಟು ಅಂತ ಬೇರೆ ಬೇರೆ ಹೇಳುತ್ತಿದ್ದರು. 2017ರಿಂದ ಅವರು ಪರೀಕ್ಷೆಯನ್ನೇ ಬದಲಾಯಿಸಿದರು. ಈಗ ಅರ್ಧ ಗಂಟೆ, 23 ಕಿಲೋಮೀಟರ್, ಗರಿಷ್ಠ ವೇಗ 131. ಅದರ ಮೇಲೂ ಸಮಾಧಾನ ಇಲ್ಲದೆ, 2021ರಿಂದ ಹೊಸ ಕಾರುಗಳು ತಾವು ಕುಡಿದದ್ದರ ಲೆಕ್ಕವನ್ನು ತಾವೇ ಬರೆದಿಟ್ಟುಕೊಳ್ಳುವ ಹಾಗೆ ಮಾಡಿದರು. ಆ ಲೆಕ್ಕಗಳನ್ನು ಒಟ್ಟು ಹಾಕಿ 2024ರಲ್ಲಿ ಯುರೋಪಿಯನ್ ಕಮಿಷನ್ ಪ್ರಕಟಿಸಿತು. ರಸ್ತೆಯ ಮೇಲಿನ ಖರ್ಚು ಪರೀಕ್ಷೆಯ ನಂಬರಿಗಿಂತ ಸುಮಾರು ಶೇ 20 ಜಾಸ್ತಿ. ಅವರಿಗೂ ಸರಿಯಾಗಿ ಕೂಡಲಿಲ್ಲ. ಆದರೆ ಎಷ್ಟು ಕೂಡಲಿಲ್ಲ ಅನ್ನುವುದನ್ನು ಅಳೆದು ಊರಿಗೆಲ್ಲ ಹೇಳಿದರು.

ಪಕ್ಕದ ಕೇರಳದ ತ್ರಿಶೂರಿನಲ್ಲಿ 2022ರಲ್ಲಿ ಒಂದು ತೀರ್ಪು ಬಂತು. ಕಾಗದದಲ್ಲಿ 32 ಅಂತ ಇದ್ದ ಕಾರು ಪರಿಣಿತರು ಓಡಿಸಿ ನೋಡಿದಾಗ ಕೊಟ್ಟದ್ದು 19.6. ಗ್ರಾಹಕರಿಗೆ 3.10 ಲಕ್ಷ ರೂಪಾಯಿ ಕೊಡಿ ಅಂತ ಗ್ರಾಹಕ ಆಯೋಗ ಹೇಳಿತು. ಒಬ್ಬ ಗ್ರಾಹಕರಿಗೆ ನ್ಯಾಯ ಸಿಕ್ಕಿತು. ಉಳಿದವರೆಲ್ಲ ವರ್ಷಗಟ್ಟಲೆ ಕೋರ್ಟಿಗೆ ಅಲೆಯಲು ಆಗುತ್ತದಾ?

ನಾನು ಕೇಳುವುದು ಜಾಸ್ತಿ ಏನಿಲ್ಲ. ಪೇಟೆ ಓಟದ ನಂಬರನ್ನು ಬೇರೆಯಾಗಿ, ದಪ್ಪ ಅಕ್ಷರದಲ್ಲಿ, ಶೋರೂಮಿನ ಕಾರಿನ ಗಾಜಿನ ಮೇಲೇ ಹಾಕಿಸಿ. ನಾಲ್ಕು ಸಲ ಓಡಿಸುತ್ತೀರಿ, ಹೊಗೆ ಹಿಡಿಯುತ್ತೀರಿ. ಹೇಳುವಾಗ ಮಾತ್ರ ಹೆದ್ದಾರಿಯ ಜೊತೆ ಕಲಸಿ ಒಂದೇ ನಂಬರ್ ಯಾಕೆ? ಎಸಿ ಹಾಕಿಯೂ ಅಳೆಯಬೇಕು ಅನ್ನುವ ಮಾತು ಈಗ ಕೇಳಿಬರುತ್ತಿದೆ, ಒಳ್ಳೆಯದು. ಅದನ್ನೂ ಸರಾಸರಿಯೊಳಗೆ ಕರಗಿಸಿಬಿಡಬೇಡಿ, ಪೇಟೆ ಓಟದ ಪಕ್ಕದಲ್ಲೇ ಬರೆಯಿರಿ. ಅಳೆಯುವಾಗ ಕೋಣೆಯ ಬಿಸಿಯ ಜೊತೆ ತೇವವನ್ನೂ ನಮ್ಮೂರಿನಷ್ಟು ಇಡಿ. ಮೇ ತಿಂಗಳ ಮಲ್ಪೆಗೆ ಒಮ್ಮೆ ಬಂದು ಹೋದರೆ ಎಷ್ಟು ಇಡಬೇಕು ಅಂತ ಅಂಗಿಯೇ ಹೇಳುತ್ತದೆ. ಮತ್ತೆ ಆ ನಕ್ಷತ್ರ. ಅದರ ಅಡಿಯ ಇರುವೆ ಸಾಲನ್ನು ನಂಬರಿನಷ್ಟೇ ದೊಡ್ಡದಾಗಿ ಹಾಕಿಸಿ: ‘ಎಸಿ ಇಲ್ಲದೆ, ಗುಡ್ಡ ಇಲ್ಲದೆ, ರೋಲರ್ ಮೇಲೆ.’

ಆ ಚೀಟಿಯಲ್ಲಿ 15 ಅಂತ ಇದ್ದಿದ್ದರೂ ನಾನು ಇದೇ ಕಾರು ತರುತ್ತಿದ್ದೆ ಅಂತ ಕಾಣುತ್ತದೆ. ನಮ್ಮ ಓಣಿಗೆ ಇದಕ್ಕಿಂತ ದೊಡ್ಡದು ಹಿಡಿಯುವುದಿಲ್ಲ. ಕಂತು ಮಾತ್ರ ಬೇರೆ ಲೆಕ್ಕದಲ್ಲಿ ಹಾಕಿಸಿಕೊಳ್ಳುತ್ತಿದ್ದೆ. ಗೇಟಿಗೆ ಒರಗಿದವರಿಗೆ ಮೊದಲ ದಿನವೇ ನಿಜ ಹೇಳುತ್ತಿದ್ದೆ.

ಇತಿ,
ಸಂತೆಕಟ್ಟೆಯ ಒಬ್ಬ ಸಣ್ಣ ಕಾರಿನ ಮಾಲೀಕ

ಮರೆತಿದ್ದೆ, ಈ ವಾರದ ಲೆಕ್ಕ: 312 ಕಿಲೋಮೀಟರ್, 21.4 ಲೀಟರ್, 14.58. ಎಸಿ ಇತ್ತು, ಗುಡ್ಡ ಇತ್ತು, ತೆಂಗಿನಕಾಯಿ ಇರಲಿಲ್ಲ.